ಓಡಿದವನ ಕೈಯ ಕಂಟ್ರೋಲರ್

ಹೋದ ತಿಂಗಳು ಹೇರೋಹಳ್ಳಿಯ ತಂಗಿ ಮನೆಗೆ ಊಟಕ್ಕೆ ಹೋಗಿದ್ದೆ. ಅವಳ ಗಂಡ, ನಲವತ್ತು ಮುಟ್ಟಿದ ಮನುಷ್ಯ, ಬ್ಯಾಂಕಿನಲ್ಲಿ ಮ್ಯಾನೇಜರ್, ಗೋಡೆಯಗಲದ ಟಿವಿಯ ಮುಂದೆ ಬನಿಯನ್ನಿನಲ್ಲಿ ಕೂತು ಸಮುರಾಯ್ ಆಟ ಆಡುತ್ತಿದ್ದ. ಜಪಾನಿನ ಯಾವುದೋ ಬಯಲು, ಸೊಂಟದೆತ್ತರದ ಹುಲ್ಲು, ಕುದುರೆ. ಎಲ್ಲಿಗೆ ಬೇಕಾದರೂ ಹೋಗಬಹುದು, ಯಾರನ್ನು ಬೇಕಾದರೂ ಕಡಿಯಬಹುದು.

"ಬನ್ನಿ ಭಾವ, ಕೂತ್ಕೊಳ್ಳಿ. ಸ್ಟೋರಿ ಏನ್ ಸೂಪರ್ರಾಗಿದೆ ಗೊತ್ತಾ? ಇವರಪ್ಪನ್ನ ಸಾಯ್ಸಿರ್ತಾರೆ. ಇವನು ಒಬ್ಬೊಬ್ಬರನ್ನೇ ಹುಡುಕ್ಕೊಂಡು ಹೋಗಿ ತೀರಿಸ್ತಾನೆ" ಎಂದ. ಹೇಳುತ್ತಲೇ ಒಬ್ಬನನ್ನು ಕಡಿದು ಹಾಕಿದ. ತೆರೆಯ ಮೇಲಿನ ನಾಯಕ ಕತ್ತಿಯನ್ನು ಒಮ್ಮೆ ಒದರಿ, ರಕ್ತ ಚೆಲ್ಲಿ, ಸರಕ್ಕನೆ ಒರೆಗೆ ಸೇರಿಸಿದ. ತಂಗಿ ಪ್ರೀತಿಯಿಂದ ಬಡಿಸಿದ ಹಿತಕಿದ ಬೇಳೆ ಸಾರು ಗಂಟಲಲ್ಲಿ ಇಳಿಯಲಿಲ್ಲ. ಗ್ಯಾಸ್ಟ್ರಿಕ್ ಎಂದು ಸುಳ್ಳು ಹೇಳಿ ಎದ್ದೆ.

ಆಟದ ಮೇಲೆ ನನಗೆ ಕೋಪವಿಲ್ಲ. ಆಟ ಏನು ಮಾಡೀತು? ಅಸಹ್ಯವಾದದ್ದು ನನ್ನನ್ನು ನೆನೆದು. ಎರಡು ಸಾವಿರದ ಏಳರ ಮಳೆಗಾಲದಲ್ಲಿ ನಾನು ಎಂಥವನಾಗಿದ್ದೆ ಎಂಬುದನ್ನು ಆ ಒಂದು ಸದ್ದು ನನ್ನ ಮುಂದೆ ತಂದು ನಿಲ್ಲಿಸಿತು.

ಆಗ ನಾವು ವಿಜಯನಗರದಲ್ಲಿದ್ದೆವು. ಡಿಪ್ಲೊಮಾದಲ್ಲಿ ಎರಡು ಸಬ್ಜೆಕ್ಟು ಉಳಿಸಿಕೊಂಡು ನಾನು ಮನೆಯಲ್ಲಿ ಬಿದ್ದಿದ್ದೆ. ಅಪ್ಪನದು ಲಗೇಜ್ ಆಟೋ. ಬೆಳಗ್ಗೆ ಅಪ್ಪ ಕರೆದರೆ ಗೊಣಗುತ್ತ ಜೊತೆಗೆ ಹೋಗುವುದು, ಕರೆಯದಿದ್ದರೆ ಹನ್ನೊಂದಕ್ಕೆ ಏಳುವುದು, ಮಧ್ಯಾಹ್ನ ಶೇಖರಣ್ಣನ ಗೇಮ್ ಪಾರ್ಲರಿಗೆ ಹೋಗಿ ಕೂರುವುದು. ಇಷ್ಟೇ ನನ್ನ ದಿನಚರಿ.

ಪಾರ್ಲರ್ ಇದ್ದದ್ದು ಒಂದು ಬೇಕರಿಯ ಕೆಳಗಿನ ಬೇಸ್‌ಮೆಂಟಿನಲ್ಲಿ. ಮೂರು ಟಿವಿ, ಹರಿದ ರೆಕ್ಸಿನ್ ಸೋಫಾ, ಗೋಡೆಗೆ ಹಸಿರು ಬೂಷ್ಟು. ಆ ವರ್ಷದ ಮಳೆಗೆ ಮೆಟ್ಟಿಲಿನಿಂದ ನೀರು ಇಳಿದು ಕಾರ್ಪೆಟ್ ನೆಂದು ನಾರುತ್ತಿತ್ತು. ಅದರ ಮೇಲೆ ನಮ್ಮೆಲ್ಲರ ಕಾಲಿನ ವಾಸನೆ, ಮೇಲಿನಿಂದ ಬನ್ನು ಬೇಯುವ ವಾಸನೆ. ಶೇಖರಣ್ಣ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಸ್ಕೂಟರ್ ಕೀಲಿಯಲ್ಲಿ ಕಿವಿ ಕೆದಕಿಕೊಳ್ಳುತ್ತಿದ್ದ, ಕೆದಕಿದ್ದನ್ನು ನೋಡಿ ಪ್ಯಾಂಟಿಗೆ ಒರೆಸುತ್ತಿದ್ದ. ಅಂಥ ಜಾಗಕ್ಕೆ ನಾನು ದಿನಾ ಓಡೋಡಿ ಹೋಗುತ್ತಿದ್ದೆ ಎಂದರೆ ಈಗ ನನಗೇ ನಂಬಲಾಗುವುದಿಲ್ಲ.

ಜೂನಿನಲ್ಲಿ ಅವನು ಸಿಟಿ ಕಡೆಯಿಂದ ಒಂದು ಕಾಪಿ ಡಿಸ್ಕ್ ತಂದ. ಸಮುರಾಯ್ ಆಟ. ಮಾತೆಲ್ಲ ಜಪಾನಿ ಭಾಷೆಯಲ್ಲಿ, ಅಕ್ಷರವೂ ಜಪಾನಿಯದೇ. ಒಂದು ಪದ ಅರ್ಥವಾಗುತ್ತಿರಲಿಲ್ಲ. ನಾಯಕನ ಅಪ್ಪನನ್ನು ಐದು ಜನ ಸೇರಿ ಕೊಲ್ಲುತ್ತಾರೆ, ಆ ಐವರು ಊರೂರಿಗೆ ಚದುರಿ ಹೋಗಿದ್ದಾರೆ, ಅವರನ್ನು ಹುಡುಕಬೇಕು. ಅಷ್ಟು ಮಾತ್ರ ಚಿತ್ರ ನೋಡಿ ತಿಳಿದಿತ್ತು.

ಕಾಳಗಕ್ಕೊಂದು ಕ್ರಮವಿತ್ತು. ಮಾಮೂಲಿ ಸೈನಿಕರಾದರೆ ಬಟನ್ ಒತ್ತುತ್ತ ಹೋದರೆ ಸಾಕು, ಸಾಲಾಗಿ ಬೀಳುತ್ತಿದ್ದರು. ಐವರಲ್ಲಿ ಒಬ್ಬ ಎದುರಾದಾಗ ಹಾಗಲ್ಲ. ಇಬ್ಬರೂ ಕತ್ತಿಯ ಹಿಡಿಗೆ ಕೈಯಿಟ್ಟು ಎದುರುಬದುರು ನಿಲ್ಲಬೇಕು. ಬಟನ್ ಒತ್ತಿ ಹಿಡಿದಿರಬೇಕು. ಎದುರಾಳಿಯ ಭುಜ ಅಲುಗಿದ ಕ್ಷಣದಲ್ಲಿ ಬಿಡಬೇಕು. ಮೊದಲೇ ಬಿಟ್ಟರೂ ಸಾವು, ತಡವಾಗಿ ಬಿಟ್ಟರೂ ಸಾವು. ಬದುಕಲು ಇನ್ನೊಂದು ದಾರಿಯೂ ಇತ್ತು, ಬೆನ್ನು ತಿರುಗಿಸಿ ಓಡುವುದು. ಓಡಿದರೆ ನಾಯಕ ತಲೆ ತಗ್ಗಿಸಿಕೊಂಡೇ ನಡೆಯುತ್ತಿದ್ದ. ಹಳ್ಳಿಗೆ ಹೋದರೆ ಹೆಂಗಸರು ಮುಖ ತಿರುಗಿಸುತ್ತಿದ್ದರು, ಬಾಗಿಲುಗಳು ಮುಚ್ಚಿಕೊಳ್ಳುತ್ತಿದ್ದವು.

ಇದನ್ನು ನೋಡಿಯೇ ನಮ್ಮ ಸಂತೋಷ ಪಾರ್ಲರಿಗೆ ಒಂದು ರೂಲ್ಸ್ ಮಾಡಿದ. ಸಂತೋಷ ನನ್ನ ಸ್ಕೂಲಿನ ಗೆಳೆಯ, ಗಂಟಲು ದೊಡ್ಡದು, ಆದ್ದರಿಂದ ಲೀಡರ್. ಓಡಿದವನು ಕಂಟ್ರೋಲರ್ ಬಿಡಬೇಕು. ಅವನಾಗಿ ಕೊಡದಿದ್ದರೆ ಪಕ್ಕದಲ್ಲಿ ಕೂತವನು ಕಿತ್ತುಕೊಳ್ಳಬೇಕು. ಅವತ್ತಿಡೀ ಯಾರೂ ಅವನ ಜೊತೆ ಮಾತಾಡುವಂತಿಲ್ಲ. ಇಪ್ಪತ್ತು ದಾಟಿದ ಗಂಡಸರು ನಾವು, ಇದನ್ನು ವೇದವಾಕ್ಯದಂತೆ ಪಾಲಿಸುತ್ತಿದ್ದೆವು.

ಬಸು ಬಂದದ್ದು ಜುಲೈಯಲ್ಲಿ. ಬಸವರಾಜ ಅವನ ಪೂರ್ತಿ ಹೆಸರು, ಬಾದಾಮಿ ಕಡೆಯವನು. ಪೀಣ್ಯದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಕೆಲಸ, ಲಗ್ಗೆರೆಯಲ್ಲಿ ನಾಲ್ಕು ಜನರ ಜೊತೆ ರೂಮು. ಬೆಳಗಿನ ಶಿಫ್ಟ್ ಮುಗಿಸಿ, ಜೋಳದ ರೊಟ್ಟಿಯ ಆಸೆಗೆ ವಿಜಯನಗರದ ಖಾನಾವಳಿಗೆ ಬರುತ್ತಿದ್ದ. ಒಂದು ದಿನ ಮಳೆಗೆ ನಿಲ್ಲಲು ನಮ್ಮ ಮೆಟ್ಟಿಲಿಳಿದ. ತೆರೆಯ ಮೇಲೆ ಒಬ್ಬ ಮುದುಕ ಮರದ ಕೆಳಗೆ ಕೂತು ನಾಯಕನಿಗೆ ಏನೋ ಹೇಳಿ ಕಣ್ಣೊರೆಸಿಕೊಳ್ಳುತ್ತಿದ್ದ.

"ಏನಂತೆ ಗುರು ಈ ತಾತಂದು?" ಎಂದ ಸಂತೋಷ.

ಹಿಂದಿನಿಂದ ಮೆಲ್ಲನೆ ದನಿ ಬಂತು. "ನಿಮ್ಮಪ್ಪನ್ನ ಹೊಡದವ ಹೊರಗಿನವ ಅಲ್ಲಪಾ, ಒಂದ ತಾಟಿನಾಗ ಉಂಡವ ಅಂತ ಹೇಳಾಕತ್ತಾನ್ರಿ."

ಎಲ್ಲರೂ ತಿರುಗಿ ನೋಡಿದೆವು. "ನಿಮಗೆ ಜಪಾನಿ ಬರುತ್ತಾ?" ಎಂದು ನಾನು ಕೇಳಿದೆ. "ಇಲ್ರಿ. ಮಾರಿ ನೋಡಿದ್ರ ತಿಳೀತೈತಿ" ಎಂದ.

ಅವತ್ತಿನಿಂದ ಬಸು ನಮ್ಮ ಕತೆಗಾರ. ತೆರೆಯ ಮೇಲೆ ಯಾರು ಬಾಯಿ ಬಿಟ್ಟರೂ ಅವನು ಕನ್ನಡದಲ್ಲಿ ಹೇಳುತ್ತಿದ್ದ. ಐವರಲ್ಲಿ ನಾಲ್ವರಿಗೆ ಏನೇನೋ ಹೆಸರಿಟ್ಟ. ಕೊನೆಯವನಿಗೆ ಮಾತ್ರ ಹೆಸರಿಲ್ಲ, ಬರೀ ಕಾಕಾ. ಅಪ್ಪನ ಒಡಹುಟ್ಟಿದ ತಮ್ಮ. ಬಸು ಬರದೆ ನಾವು ಆಟ ಶುರು ಮಾಡುತ್ತಿರಲಿಲ್ಲ. ಅವನ ಆಟವೂ ಚೆನ್ನಾಗಿತ್ತು. ಎದುರುಬದುರು ನಿಂತಾಗ ಅವನ ಬೆರಳು ಅಲುಗುತ್ತಿರಲಿಲ್ಲ.

ಒಂದು ಮಧ್ಯಾಹ್ನ ಸಂತೋಷ ಕೇಳಿಯೇ ಬಿಟ್ಟ. "ಅಲ್ಲ ಗುರು, ಈ ಕಾಕಾ ಕತೆ ಎಷ್ಟು ನೀಟಾಗಿ ಕಟ್ಟಿದ್ಯಲ್ಲ, ಎಲ್ಲಿಂದ ಹೊಡೆದೆ?"

ಬಸು ತೆರೆಯಿಂದ ಕಣ್ಣು ತೆಗೆಯದೆ ಹೇಳಿದ. ಊರಲ್ಲಿ ಅವನ ಅಪ್ಪನಿಗೂ ಕಾಕಾನಿಗೂ ಬಾವಿ ನೀರಿನ ಪಾಳಿ ಯಾರದು ಎಂಬ ಜಗಳ. ಅವನ ಕಾಕಾ ಮುರಿಗೆಪ್ಪ ಗುದ್ದಲಿಯ ಕಾವಿನಿಂದ ಒಂದೇ ಏಟು ಹೊಡೆದ. ಮೂರನೇ ದಿನ ಆಸ್ಪತ್ರೆಯಲ್ಲಿ ಬಸುವಿನ ಅಪ್ಪ ಸತ್ತ. ಮುರಿಗೆಪ್ಪ ಜೈಲಿಗೆ ಹೋದ, ಬಂದ, ಊರಲ್ಲಿ ನಿಲ್ಲಲಾಗದೆ ಬೆಂಗಳೂರು ಸೇರಿದ ಎಂದು ಯಾರೋ ಹೇಳಿದ್ದರು. ಊರಲ್ಲಿ ಅವ್ವ, ಮದುವೆಗೆ ಬಂದ ತಂಗಿ, ಇಬ್ಬರೂ ಬಸು ಕಳಿಸಿದ್ದರಲ್ಲೇ ಬದುಕುತ್ತಿದ್ದರು.

ಕೇಳಿದವರಿಗೆ ಕರುಳು ಚುರುಕ್ ಅನ್ನಬೇಕಿತ್ತು. ನಮಗೆ ಕುತೂಹಲ ಕೆರಳಿತು. "ಸಿಕ್ಕಿದ್ರೆ ಬಿಡಬೇಡ ಮಗಾ" ಎಂದ ಸಂತೋಷ. "ನಾನಾಗಿದ್ರೆ ಅವತ್ತೇ ಮುಗಿಸ್ತಿದ್ದೆ" ಎಂದೆ ನಾನು. ಮನೆಯಲ್ಲಿ ಜಿರಳೆ ಹೊಡೆಯಲು ಅಮ್ಮನನ್ನು ಕೂಗುತ್ತಿದ್ದವನು ನಾನು. ಮುಂದಿನ ದಿನಗಳಲ್ಲಿ ಇದೇ ಮಾತು. ಕಾಕಾ ಸಿಕ್ಕರೆ ಎಲ್ಲಿಗೆ ಹೊಡೆಯಬೇಕು, ಮೊದಲು ಹೆಸರು ಹೇಳಬೇಕೋ ಹೊಡೆದಮೇಲೆ ಹೇಳಬೇಕೋ ಎಂದು ಬಾಯಿ ಚಪ್ಪರಿಸಿಕೊಂಡು ಚರ್ಚೆ. ಬಸು ನಗುತ್ತಿದ್ದ. ಕೆಲವು ಸಲ ನಗುತ್ತಿರಲಿಲ್ಲ.

ಆಗಸ್ಟ್ ಕೊನೆಯಲ್ಲಿ ಅಪ್ಪನ ಜೊತೆ ನಾಯಂಡಹಳ್ಳಿಗೆ ಹೋಗಿದ್ದೆ. ದನದ ಹಿಂಡಿ ತುಂಬುವ ಗೋಡೌನು. ಮೇಸ್ತ್ರಿಯೊಬ್ಬ "ಏಯ್ ಮುರಿಗೆಪ್ಪಾ, ಆ ಕಡೆ ಲಾಟು ಮೊದಲು" ಎಂದು ಕೂಗಿದ. ಕಂಬಳಿಯ ಚೂರನ್ನು ಬೆನ್ನಿಗೆ ಹಾಕಿಕೊಂಡ ಒಬ್ಬ ಹಮಾಲಿ ಬಂದ. ವಯಸ್ಸಾಗಿತ್ತು, ಒಂದು ಕಣ್ಣಿಗೆ ಪೊರೆ ಬಂದಿತ್ತು. ಯಾವೂರು ಎಂದು ಕೇಳಿದೆ. ಬಸು ಹೇಳಿದ ಊರೇ.

ನನಗಾದ ಖುಷಿಯನ್ನು ಹೇಗೆ ಹೇಳಲಿ? ಪರೀಕ್ಷೆ ಪಾಸಾಗಿದ್ದರೂ ಅಷ್ಟು ಆಗುತ್ತಿರಲಿಲ್ಲ. ಬಸುವನ್ನು ಹೊರಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ಹೇಳದೇ ಇರಬಹುದಿತ್ತು. ನಾನು ಪಾರ್ಲರ್ ತುಂಬುವವರೆಗೆ ಕಾದೆ, ಬಸು ಕತೆ ಹೇಳುತ್ತಿದ್ದಾಗ ಆಟ ನಿಲ್ಲಿಸಿದೆ.

"ಗುರು, ನಿನ್ನ ಕಾಕಾ ಸಿಕ್ಕಿದಾನೆ. ಹಿಂಡಿ ಗೋಡೌನು, ನಾಯಂಡಹಳ್ಳಿ. ಎರಡರಿಂದ ಐದರವರೆಗೂ ಅಲ್ಲೇ ಲೋಡಿಂಗ್."

ಸಂತೋಷ ಶಿಳ್ಳೆ ಹಾಕಿದ. ನಾಲ್ಕೈದು ಜನ ಚಪ್ಪಾಳೆ ತಟ್ಟಿದರು. ಬಸುವಿನ ಮುಖ ಬಿಳಿಚಿಕೊಂಡಿತು. ನನಗೆ ಅದು ಕಂಡಿತು, ಕಂಡೂ ಹೆಮ್ಮೆಯಿಂದ ನಿಂತಿದ್ದೆ.

ಅವನ ವಾರದ ರಜೆ ಮಂಗಳವಾರ. ಅಂದು ಹನ್ನೆರಡಕ್ಕೇ ಬಂದ. ಕೈಯಲ್ಲಿ ಬಟ್ಟೆಯ ಚೀಲ, ಅದರೊಳಗೆ ಪೇಪರಿನಲ್ಲಿ ಸುತ್ತಿದ ಕಬ್ಬಿಣದ ರಾಡು. ಲೇತಿಗೆ ಹಾಕಿ ತುದಿ ಚೂಪು ಮಾಡಿದ್ದ. ತೋರಿಸಲು ತಂದಿದ್ದನೋ, ಬೇಡ ಎಂದು ಯಾರಾದರೂ ಹೇಳಲಿ ಎಂದು ತಂದಿದ್ದನೋ, ಈಗ ಯೋಚಿಸುತ್ತೇನೆ. ಅವನು ನಮ್ಮೆಲ್ಲರ ಮುಖವನ್ನು ಒಂದೊಂದಾಗಿ ನೋಡಿದ. ಅವನು ಆ ಕೆಲಸ ಮಾಡಿದರೆ ಒಬ್ಬ ಮುದುಕ ಸಾಯುತ್ತಾನೆ, ಬಸು ಜೈಲಿಗೆ ಹೋಗುತ್ತಾನೆ, ಊರಲ್ಲಿ ಇಬ್ಬರು ಹೆಂಗಸರು ಬೀದಿಗೆ ಬೀಳುತ್ತಾರೆ. ಇದು ನಮಗೆಲ್ಲ ಚೆನ್ನಾಗಿ ಗೊತ್ತಿತ್ತು.

ಸಂತೋಷ ರಾಡಿನ ತುದಿಯನ್ನು ಹೆಬ್ಬೆರಳಿನಲ್ಲಿ ಮುಟ್ಟಿ "ಫಿನಿಶಿಂಗ್ ಸೂಪರ್ ಗುರು" ಎಂದ. ಶೇಖರಣ್ಣ ಕಿವಿಯಿಂದ ಕೀಲಿ ತೆಗೆದು, "ನೋಡಪ್ಪಾ, ಏನಾರಾ ಮಾಡ್ಕೋ. ಇಲ್ಲಿಂದ ಹೋದೆ ಅಂತ ಮಾತ್ರ ಎಲ್ಲೂ ಬಾಯ್ಬಿಡಬೇಡ" ಎಂದ. ನಾನು ಗೋಡೌನಿಗೆ ಎಲ್ಲಿ ಇಳಿಯಬೇಕು, ಯಾವ ತಿರುವು ಎಂದು ಹೇಳಿದೆ. ಪೇಪರಿನ ಅಂಚಿನ ಮೇಲೆ ನಕ್ಷೆಯನ್ನೂ ಬರೆದು ಕೊಟ್ಟೆ.

ಅವನು ಹೋದಮೇಲೆ ನಾವು ಆಡಿದೆವು. ಅಂದು ಜಡಿ ಮಳೆ. ಬೇಕರಿಯಿಂದ ಪಪ್ಸ್ ತರಿಸಿ ತಿಂದೆವು. "ಈಗ ಇಳಿದಿರ್ತಾನೆ", "ಈಗ ಎದುರುಬದುರು" ಎಂದು ಸಂತೋಷ ಕಾಮೆಂಟರಿ ಕೊಡುತ್ತಿದ್ದ. ಯಾರಿಗೂ ಪಪ್ಸ್ ಗಂಟಲಿಗೆ ಸಿಕ್ಕಿಕೊಳ್ಳಲಿಲ್ಲ. ಎರಡನೆಯದನ್ನೂ ನಾನು ತಿಂದೆ.

ಐದೂವರೆಗೆ ಬಸು ಬಂದ. ಪೂರ್ತಿ ನೆಂದಿದ್ದ. ಚೀಲವಿರಲಿಲ್ಲ. ಯಾರ ಮುಖವನ್ನೂ ನೋಡದೆ ಸೋಫಾದಲ್ಲಿ ನನ್ನ ಪಕ್ಕ ತನ್ನ ಜಾಗದಲ್ಲಿ ಕೂತು, ಟೀಪಾಯಿ ಮೇಲಿದ್ದ ಕಂಟ್ರೋಲರ್ ಕೈಗೆತ್ತಿಕೊಂಡ.

"ಏನಾಯ್ತೋ?" ಸಂತೋಷನ ದನಿ ಕೀರಲಾಗಿತ್ತು.

"ಸಿಕ್ಕಿದ್ದ."

"ಆಮೇಲೆ?"

"ಬಂದೆ."

"ಬಂದೆ ಅಂದ್ರೆ? ಏನೂ ಮಾಡ್ಲಿಲ್ವಾ?"

ಬಸು ತಲೆ ಅಲ್ಲಾಡಿಸಿದ. ಪಾರ್ಲರಿನಲ್ಲಿ ಒಂದು ನಿಟ್ಟುಸಿರು ಎದ್ದಿತು. ಜೀವ ಉಳಿಯಿತು ಎಂಬ ನಿಟ್ಟುಸಿರಲ್ಲ ಅದು. ಕರೆಂಟ್ ಹೋಗಿ ಸಿನಿಮಾ ಅರ್ಧಕ್ಕೆ ನಿಂತಾಗ ಟಾಕೀಸಿನಲ್ಲಿ ಏಳುತ್ತದಲ್ಲ, ಅಂಥದ್ದು. "ರೂಲ್ಸ್ ಅಂದ್ರೆ ರೂಲ್ಸ್" ಎಂದ ಸಂತೋಷ. ಎಲ್ಲರೂ ನನ್ನನ್ನು ನೋಡಿದರು. ಪಕ್ಕದಲ್ಲಿ ಕೂತವನು ನಾನು.

ನಾನು ಬಸುವಿನ ಕೈಯಿಂದ ಕಂಟ್ರೋಲರ್ ಕಿತ್ತುಕೊಂಡೆ. ಅವನು ಬಿಗಿಯಾಗಿ ಹಿಡಿದಿರಲಿಲ್ಲ, ಆದರೂ ಕಿತ್ತುಕೊಳ್ಳುವ ಹಾಗೆಯೇ ಎಳೆದೆ. ಅದು ಜಿಡ್ಡಾಗಿತ್ತು, ಕಡಲೆಕಾಯಿ ಹಿಂಡಿಯ ವಾಸನೆ ಹೊಡೆಯುತ್ತಿತ್ತು. ಬಸು ಎದ್ದು, ಬಾಗಿಲಾಚೆ ಬಿಟ್ಟಿದ್ದ ಚಪ್ಪಲಿ ರಾಶಿಯಲ್ಲಿ ಕಾಲು ತೂರಿಸಿಕೊಂಡು ಮೆಟ್ಟಿಲು ಹತ್ತಿದ.

ಐದು ನಿಮಿಷ ಬಿಟ್ಟು ನಾನೂ ಹೊರಗೆ ಹೋದೆ. ಕನಿಕರಕ್ಕೆ ಹೋದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಆ ಮೂರು ಗಂಟೆ ಏನಾಯಿತು ಎಂದು ತಿಳಿಯುವ ಚಪಲಕ್ಕೆ ಹೋದೆ.

ಬಸ್‌ಸ್ಟಾಪಿನಲ್ಲಿ ಒಬ್ಬನೇ ನಿಂತಿದ್ದ. ನಾನು ಕೇಳುವ ಮೊದಲೇ ಶುರು ಮಾಡಿದ. ಯಾರಿಗಾದರೂ ಹೇಳಿಕೊಳ್ಳಲೇಬೇಕು ಎಂಬಂತಿತ್ತು ಅವನ ದನಿ.

"ಚೀಲದಾಗ ಕೈ ಹಾಕಿದ್ದೆನ್ರಿ. ರಾಡ್ ಹಿಡದಿದ್ದೆ. ಅಷ್ಟರಾಗ ಅವ ಹೊಳ್ಳಿ ನೋಡಿದ. ನನ್ನ ಗುರ್ತ ಹಿಡೀಲಿಲ್ಲ. ಜೋಡಿ ಆಳು ಬಂದಿದ್ದಿಲ್ಲ ಕಾಣಸ್ತೈತಿ. ತಮ್ಮಾ, ಜರಾ ಕೈ ಹಚ್ಚಪಾ ಅಂದ."

"ನೀನೇನ್ ಮಾಡ್ದೆ?"

"ಹಚ್ಚಿದೆ. ಕೈಯಾನ ಚೀಲ ಬದಿಗಿಟ್ಟು, ಹಿಂಡಿ ಚೀಲ ಎತ್ತಿ ಅವನ ಬೆನ್ನ ಮ್ಯಾಲ ಇಟ್ಟೆ."

"ಆಮೇಲೆ?"

"ಲಾರಿ ತುಂಬೂತನಕ ಇಟ್ಟೆನ್ರಿ." ಅವನು ರಸ್ತೆಯ ಕಡೆ ನೋಡುತ್ತಿದ್ದ. "ಚೀಲ ಹೊತ್ತು ಹೊಂಟ್ನಲ್ರಿ ಅವ, ಹಿಂದಿಂದ ನೋಡಿದೆ. ನಮ್ಮಪ್ಪನ ನಡಿಗಿ. ಡಿಟ್ಟೋ ನಮ್ಮಪ್ಪನ ನಡಿಗಿ. ಎಡಗಾಲ ಒಂಚೂರು ಹೊರಗ ಹಾಕಿ ನಡೀತಿದ್ದ ನಮ್ಮಪ್ಪ, ಇವನೂ ಹಂಗ. ಇನ್ನೊಂದ ಸರ್ತಿ ನೋಡೂಣಂತ ಇನ್ನೊಂದ ಚೀಲ ಇಟ್ಟೆ. ಹಂಗ ಇಡಕೋತ ನಿಂತೆ."

ಅವನು ಅಂಗೈಯಿಂದ ಮುಖದ ಮೇಲಿನ ಮಳೆನೀರು ಒರೆಸಿಕೊಂಡ. ನಾನು ಅವನ ಭುಜದ ಮೇಲೆ ಕೈಯಿಟ್ಟೆ. ಅದನ್ನೂ ಮಾಡಿದೆ ನಾನು.

"ಈ ಮಾತು ಅವರಿಗೆ ಹೇಳಬ್ಯಾಡ್ರಿ. ಅಂಜಿ ಓಡಿದ ಅನ್ಕೊಳ್ಳಿ, ನಡೀತೈತಿ. ಇದನ್ನ ಮಾತ್ರ ಹೇಳಬ್ಯಾಡ್ರಿ."

"ಛೆ, ನಾನ್ಯಾಕ್ ಹೇಳ್ಲಿ ಗುರು" ಎಂದೆ. ಬಸ್ ಬಂತು, ಅವನು ಹತ್ತಿದ.

ಬಸ್‌ಸ್ಟಾಪಿನಿಂದ ಪಾರ್ಲರಿಗೆ ನಾಲ್ಕು ನಿಮಿಷದ ದಾರಿ. ಆ ನಾಲ್ಕು ನಿಮಿಷ ನನ್ನ ಬಾಯಿ ತುರಿಸಿತು. ಮೆಟ್ಟಿಲಿಳಿದಾಗ ಸಂತೋಷ "ಏನಂದ್ನೋ ಹೇಡಿ?" ಎಂದು ಕೇಳಿದ್ದೇ ನೆಪವಾಯಿತು. ಎಲ್ಲ ಹೇಳಿಬಿಟ್ಟೆ. ಹೇಳಿದರೆ ಸಾಲದು ಎನಿಸಿತು. ಸೋಫಾದ ಕುಶನ್ ಎತ್ತಿ ಬೆನ್ನ ಮೇಲಿಟ್ಟುಕೊಂಡು, ಒಂದು ಕಣ್ಣು ಮುಚ್ಚಿ, ಎಡಗಾಲು ಹೊರಗೆ ಹಾಕಿ ಕುಂಟುತ್ತ, "ತಮ್ಮಾ, ಜರಾ ಕೈ ಹಚ್ಚಪಾ" ಎಂದು ಬಸುವಿನ ಮಾತಿನ ಧಾಟಿಯಲ್ಲೇ ಹೇಳಿ ತೋರಿಸಿದೆ. ಸಂತೋಷ ನೆಲಕ್ಕೆ ಬಿದ್ದು ನಕ್ಕ. ಶೇಖರಣ್ಣನಿಗೆ ಕಣ್ಣಲ್ಲಿ ನೀರು ಬಂತು. ಒನ್ಸ್ ಮೋರ್ ಎಂದರು. ಮತ್ತೆ ಮಾಡಿದೆ. ನನ್ನ ಜೀವನದಲ್ಲಿ ಅಷ್ಟು ಜನರನ್ನು ನಾನು ಇನ್ನೊಮ್ಮೆ ನಗಿಸಿಲ್ಲ.

ಮೂರನೇ ಸಲ ಕುಂಟುತ್ತ ಬಾಗಿಲ ಕಡೆ ತಿರುಗಿದಾಗ ಬಸು ನಿಂತಿದ್ದ.

ಅವಸರದಲ್ಲಿ ಸಂತೋಷನ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದ. ಬಸ್ಸಿನಲ್ಲಿ ಕಾಲು ನೋಡಿಕೊಂಡು, ಮುಂದಿನ ಸ್ಟಾಪಿನಲ್ಲಿ ಇಳಿದು, ಮಳೆಯಲ್ಲಿ ನಡೆದು ವಾಪಸ್ ಕೊಡಲು ಬಂದಿದ್ದ. ಆ ಜೋಡಿಯನ್ನು ಬಾಗಿಲ ಬಳಿ ಒಟ್ಟಿಗೆ ಇಟ್ಟ. ತನ್ನದನ್ನು ಹುಡುಕಿ ಮೆಟ್ಟಿಕೊಂಡ. ನಗು ಒಂದೊಂದಾಗಿ ನಿಂತಿತು. ಕುಶನ್ ಇನ್ನೂ ನನ್ನ ಬೆನ್ನ ಮೇಲೇ ಇತ್ತು, ಅದನ್ನು ಇಳಿಸಲೂ ನನಗೆ ತೋಚಲಿಲ್ಲ.

ಬಸು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಮುಖದಲ್ಲಿ ಸಿಟ್ಟಿರಲಿಲ್ಲ.

"ಇನ್ನೂ ಬಗ್ಗಬೇಕ್ರಿ" ಎಂದ. "ಚೀಲ ಭಾಳ ವಜ್ಜಿ ಇತ್ತು."

ಅಷ್ಟು ಹೇಳಿ ಹೋದ. ಮತ್ತೆಂದೂ ಬರಲಿಲ್ಲ. ಖಾನಾವಳಿಯಲ್ಲೂ ಕಾಣಲಿಲ್ಲ. ಲಗ್ಗೆರೆಯ ಅವನ ರೂಮನ್ನು ಹುಡುಕಿಕೊಂಡು ಹೋಗುವ ಧೈರ್ಯ ನನಗೆ ಬರಲಿಲ್ಲ. ಕ್ಷಮೆ ಕೇಳಲು ಬೇಕಾದ ಮುಖ ನನ್ನ ಬಳಿ ಅಂದೂ ಇರಲಿಲ್ಲ, ಇಂದೂ ಇಲ್ಲ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಾನು ಪಶ್ಚಾತ್ತಾಪದಲ್ಲಿ ಕುಸಿದು ಕೂತೆ ಎಂದು ಓದುವವರು ತಿಳಿದಾರು. ಹಾಗಾಗಲಿಲ್ಲ. ಅವನು ಮೆಟ್ಟಿಲು ಹತ್ತಿ ಹೋದಮೇಲೆ ಸಂತೋಷ ಕೆಮ್ಮಿ, "ಯಾರದೋ ಚಾನ್ಸು?" ಎಂದ. ನನ್ನದಾಗಿತ್ತು. ಕುಶನ್ ಕೆಳಗಿಟ್ಟು, ಅದರ ಮೇಲೆಯೇ ಕೂತು, ನಾನು ಆಡಿದೆ.